ದಾಸ್ತಾನಿಲ್ಲದ ಮಾರಾಟ: ಆರ್ಡರು ಹಿಡಿಯುವ ಮುನ್ನ ಹಾಕಬೇಕಾದ ಲೆಕ್ಕ

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಸುತ್ತಮುತ್ತಲಿನ ವ್ಯಾಪಾರವನ್ನು ನೋಡಿದವರಿಗೆ ಒಂದು ಸಂಗತಿ ಹೊಸದಲ್ಲ. ಗಿರಾಕಿ ಕೇಳಿದ ಪದಾರ್ಥ ತನ್ನಲ್ಲಿ ಇಲ್ಲದಿದ್ದರೂ ಜಾಣ ಅಂಗಡಿಯವನು ಇಲ್ಲವೆಂದು ಹೇಳಿ ಕಳಿಸುವುದಿಲ್ಲ. ಹುಡುಗನನ್ನು ಓಡಿಸಿ ಪಕ್ಕದ ಅಂಗಡಿಯಿಂದ ತರಿಸಿ, ಅದರ ಮೇಲೆ ತನ್ನ ನಾಲ್ಕು ಕಾಸು ಸೇರಿಸಿ ಕೊಡುತ್ತಾನೆ. ಇದೇ ವ್ಯವಹಾರವನ್ನು ಮೊಬೈಲಿನ ಮೂಲಕ, ಗಿರಾಕಿಯ ಮುಖವನ್ನೂ ನೋಡದೆ ಪದಾರ್ಥವನ್ನೂ ಮುಟ್ಟದೆ ನಡೆಸಿದರೆ ಅದಕ್ಕೆ 'ಡ್ರಾಪ್ ಶಿಪ್ಪಿಂಗ್' ಎಂದು ಹೆಸರು. ಕನ್ನಡದಲ್ಲಿ ದಾಸ್ತಾನಿಲ್ಲದ ಮಾರಾಟ ಎನ್ನಬಹುದು. ಮಾರುವವನು ಚಿತ್ರ ತೋರಿಸಿ ಆರ್ಡರು ಪಡೆಯುತ್ತಾನೆ, ಪೂರೈಕೆದಾರನಿಗೆ ತಿಳಿಸುತ್ತಾನೆ, ಪೂರೈಕೆದಾರನು ಪದಾರ್ಥವನ್ನು ನೇರವಾಗಿ ಗಿರಾಕಿಯ ಮನೆಗೆ ಕಳುಹಿಸುತ್ತಾನೆ. ಎರಡು ಬೆಲೆಗಳ ನಡುವಿನ ಅಂತರ ಮಾರಿದವನಿಗೆ.

ಹೊಸಕೋಟೆ, ಮಾಲೂರು, ಕೆ.ಆರ್. ಪುರದ ಕಡೆಯ ರೈತ ಕುಟುಂಬಗಳಲ್ಲಿ ಓದಿದ ಮಕ್ಕಳು ಈ ಕಸುಬಿನ ಮಾತು ಆಡುವುದು ಸಹಜ. ಇಂದಿರಾನಗರ, ಹಲಸೂರುಗಳಂಥ ಕೊಳ್ಳುವ ಬಡಾವಣೆಗಳು ಹತ್ತಿರದಲ್ಲಿವೆ. ಗೋದಾಮು ಬೇಡ, ಬಂಡವಾಳ ಬೇಡ ಎಂಬ ಮಾತು ಕಿವಿಗೆ ಇಂಪು. ಬಂಡವಾಳ ಕಡಿಮೆ ಎಂಬುದು ನಿಜ. ಆದರೆ ಹಸು ಮಾರಿದ ಹಣವನ್ನು ಜಾಹೀರಾತಿಗೂ 'ತರಬೇತಿ'ಗೂ ಸುರಿಯುವ ಮೊದಲು ಈ ವ್ಯಾಪಾರದಲ್ಲಿ ನಷ್ಟ ಯಾವ ಬಾಗಿಲಿನಿಂದ ಬರುತ್ತದೆ ಎಂಬುದನ್ನು ತಿಳಿದಿರಬೇಕು.

ಮಂಡಿಗೂ ಇದಕ್ಕೂ ಇರುವ ವ್ಯತ್ಯಾಸ

ಪದಾರ್ಥ ತನ್ನದಲ್ಲದೆ ಮಾರುವುದು ರೈತರಿಗೆ ಗೊತ್ತಿರುವ ಪದ್ಧತಿಯೇ. ಮಂಡಿಯವನು ಮಾಡುವುದೂ ಅದನ್ನೇ. ಆದರೆ ಮಂಡಿಯಲ್ಲಿ ಟೊಮೇಟೊ ಮಾರಾಟವಾಗುವವರೆಗೆ ರೈತನದು. ಮಂಡಿಯವನು ನಡುವೆ ನಿಂತು ಕಮಿಷನ್ ಪಡೆಯುತ್ತಾನೆ. ದಾಸ್ತಾನಿಲ್ಲದ ಮಾರಾಟದಲ್ಲಿ ಮಾರುವವನು ತನ್ನ ಹೆಸರಿನಲ್ಲಿಯೇ ಮಾರುತ್ತಾನೆ. ರಸೀದಿ ಅವನದು, ಹಣ ಬರುವುದು ಅವನಿಗೆ. ಆದ್ದರಿಂದ ಹಿಟ್ಟಿನಲ್ಲಿ ಹುಳು ಬಿದ್ದರೆ, ತೂಕ ಕಡಿಮೆ ಬಂದರೆ, ಪಾರ್ಸೆಲು ಒಡೆದರೆ ಗಿರಾಕಿ ಕೇಳುವುದೂ ಅವನನ್ನೇ. ದಾಸ್ತಾನು ಪರರದು, ಹೊಣೆ ತನ್ನದು. ಹೊಸಬರು ಎಡವುವುದು ಇಲ್ಲಿಯೇ.

ಇಂದಿರಾನಗರದ ಒಂದು ಪುಸ್ತಕ

ಇದಕ್ಕೆ ಬೆಂಗಳೂರಿನಲ್ಲಿಯೇ ನಡೆದ ಒಳ್ಳೆಯ ನಿದರ್ಶನವಿದೆ. 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬ ಇಬ್ಬರು ಎಂಜಿನಿಯರುಗಳು ಫ್ಲಿಪ್‌ಕಾರ್ಟ್ ಎಂಬ ಪುಸ್ತಕದ ಅಂಗಡಿಯನ್ನು ಅಂತರಜಾಲದಲ್ಲಿ ತೆರೆದರು. ಆಗ ಅವರಲ್ಲಿ ಪುಸ್ತಕಗಳ ದಾಸ್ತಾನು ಇರಲಿಲ್ಲ. ಆರ್ಡರು ಬಂದ ಮೇಲೆ ಪುಸ್ತಕವನ್ನು ಹುಡುಕಿ ಕೊಂಡು ಕಳುಹಿಸುವುದು ಅವರ ಕ್ರಮ. ಮೊದಲ ಆರ್ಡರು ಈಗಿನ ತೆಲಂಗಾಣದ ಮಹಬೂಬ್‌ನಗರದಿಂದ ಬಂತು; ಕೇಳಿದ್ದು ಜಾನ್ ವುಡ್ ಬರೆದ ಒಂದು ಇಂಗ್ಲಿಷ್ ಪುಸ್ತಕ. ಅದಕ್ಕಾಗಿ ನಗರದ ಅಂಗಡಿಯಿಂದ ಅಂಗಡಿಗೆ ಅಲೆದು, ಕೊನೆಗೆ ಇಂದಿರಾನಗರದ ಸಪ್ನಾ ಪುಸ್ತಕದಂಗಡಿಯಲ್ಲಿ ಒಂದು ಪ್ರತಿ ಸಿಕ್ಕಿತು. ಅದೂ ಸ್ವಲ್ಪ ಹಾಳಾದ ಪ್ರತಿ. ಗಿರಾಕಿಯನ್ನು ವಿಚಾರಿಸಿ, ಅವರು ಒಪ್ಪಿದ ಮೇಲೆಯೇ ಅದನ್ನು ಕಳುಹಿಸಿದರು.

ಒಂದು ಆರ್ಡರಿಗೆ ಹೀಗೆ ಓಡಾಡಬಹುದು. ದಿನಕ್ಕೆ ನೂರು ಬಂದರೆ? ಸಂಸ್ಥೆ ಬೆಳೆದಂತೆ ಗೋದಾಮುಗಳನ್ನು ಮಾಡಬೇಕಾಯಿತು. ಅಮೆರಿಕದಲ್ಲಿ 1999ರಲ್ಲಿ ಆರಂಭವಾದ ಜಾಪೋಸ್ ಎಂಬ ಪಾದರಕ್ಷೆಯ ಸಂಸ್ಥೆಯದೂ ಇದೇ ಕಥೆ. ಬೇರೆಯವರ ದಾಸ್ತಾನನ್ನು ನಂಬಿ ಮಾರುತ್ತಿದ್ದ ಅವರು, ಪರದೆಯ ಮೇಲೆ ಇರುವ ಜೋಡು ಪೂರೈಕೆದಾರನ ಕಪಾಟಿನಲ್ಲಿ ಇಲ್ಲದೆ ಗಿರಾಕಿಗಳಿಂದ ಮಾತು ಕೇಳಬೇಕಾಗಿ ಬಂದು, 2003ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟರು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಸಂಸ್ಥೆ ಮೊದಲ ವರ್ಷಗಳಲ್ಲಿ ಗೃಹಿಣಿಯರಿಗೆ ಇಂಥ ಅವಕಾಶ ಒದಗಿಸಿತು: ಸೀರೆ, ಬಟ್ಟೆಗಳ ಚಿತ್ರವನ್ನು ವಾಟ್ಸಾಪಿನಲ್ಲಿ ನೆಂಟರಿಷ್ಟರಿಗೆ ಕಳುಹಿಸಿ, ತಮ್ಮ ಲಾಭಾಂಶ ಸೇರಿಸಿ ಮಾರುವುದು. ಗಿರಾಕಿಗಳು ಪರಿಚಿತರಾಗಿದ್ದರೆ ಈ ಕಸುಬಿನ ಅರ್ಧ ಭಾರ ಇಳಿದಂತೆಯೇ.

ಹತ್ತು ಪೊಟ್ಟಣಗಳ ಲೆಕ್ಕ

ಒಂದು ಕಿಲೋ ರಾಗಿ ಹುರಿಹಿಟ್ಟಿನ ಪೊಟ್ಟಣವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ಅವರವರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು. ತೆರಿಗೆಯನ್ನು ಇಲ್ಲಿ ಬಿಡಲಾಗಿದೆ.

ಪೂರೈಕೆದಾರನ ಬೆಲೆ 140 ರೂಪಾಯಿ, ಡಬ್ಬ ಮತ್ತು ಕಟ್ಟುವ ಖರ್ಚು 15, ಕೊರಿಯರು 60. ಮಾರುವ ಬೆಲೆ 260. ಒಂದು ಪೊಟ್ಟಣಕ್ಕೆ ಉಳಿಯುವುದು 45 ರೂಪಾಯಿ. ಹತ್ತು ಪೊಟ್ಟಣಗಳಿಗೆ 450. ಜಾಹೀರಾತಿಗೆ ಆರ್ಡರೊಂದಕ್ಕೆ 10 ರೂಪಾಯಿಯಂತೆ 100 ಕಳೆದರೆ ನಿವ್ವಳ 350. ತರಬೇತಿ ಮಾರುವವರು ತೋರಿಸುವ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ.

ಈಗ ಹತ್ತರಲ್ಲಿ ಎರಡು ವಾಪಸು ಬಂದವೆಂದು ಇಟ್ಟುಕೊಳ್ಳೋಣ. ಪದಾರ್ಥ ಮನೆಗೆ ಬಂದ ಮೇಲೆ ಹಣ ಕೊಡುವ ಆರ್ಡರುಗಳಲ್ಲಿ ಇದು ಅಪರೂಪವಲ್ಲ. ಬಾಗಿಲು ಬೀಗ ಹಾಕಿದೆ, ಫೋನು ಎತ್ತುತ್ತಿಲ್ಲ, ಮನಸ್ಸು ಬದಲಾಯಿತು ಎಂಬ ಕಾರಣಗಳು. ವಾಪಸಾದ ಪ್ರತಿ ಪೊಟ್ಟಣಕ್ಕೆ ಹೋಗುವ ಕೊರಿಯರು 60, ಬರುವ ಕೊರಿಯರು 45, ಕಟ್ಟಿದ ಖರ್ಚು 15, ಒಟ್ಟು 120 ರೂಪಾಯಿ ನಷ್ಟ. ಎಂಟು ಪೊಟ್ಟಣಗಳಿಂದ ಬಂದ 360ರಲ್ಲಿ ಈ 240 ಮತ್ತು ಜಾಹೀರಾತಿನ 100 ಕಳೆದರೆ ಉಳಿಯುವುದು 20 ರೂಪಾಯಿ. ಮೂರು ವಾಪಸಾದರೆ 145 ರೂಪಾಯಿ ಕೈಯಿಂದ ಹಾಕಬೇಕು. ಎರಡೇ ವಾಪಸಾಗಿ, ತಿನ್ನುವ ಪದಾರ್ಥವೆಂದು ಪೂರೈಕೆದಾರನು ಅದನ್ನು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ನಷ್ಟ 260 ರೂಪಾಯಿ. ಮಾರಾಟ ಹೆಚ್ಚಿದಷ್ಟೂ ಈ ನಷ್ಟ ಬೆಳೆಯುತ್ತದೆ. ಆರ್ಡರುಗಳ ಸಂಖ್ಯೆ ನೋಡಿ ಹಿಗ್ಗುವ ಹಾಗಿಲ್ಲ.

ವಸ್ತು ತಲುಪಿದಾಗ ಹಣ ಕೊಡುವ ಪದ್ಧತಿ ಹೊಸದೇನಲ್ಲ. ಅಂಚೆ ಇಲಾಖೆಯ ವಿ.ಪಿ. ಪದ್ಧತಿ 1877ರಲ್ಲಿಯೇ ನಮ್ಮ ದೇಶದಲ್ಲಿ ಬಂದಿತ್ತು. ಬಿಡಿಸಿಕೊಳ್ಳದೆ ಹಿಂದಿರುಗಿದ ವಿ.ಪಿ. ಪಾರ್ಸೆಲುಗಳ ಅಂಚೆ ವೆಚ್ಚ ಹೊತ್ತ ಪುಸ್ತಕ ವ್ಯಾಪಾರಿಗಳಿಗೆ ಈ ಕಷ್ಟ ಹಳೆಯ ಪರಿಚಯ. ಫ್ಲಿಪ್‌ಕಾರ್ಟ್ 2010ರಲ್ಲಿ ಇದನ್ನು ಅಳವಡಿಸಿಕೊಂಡ ಮೇಲೆ ಗಿರಾಕಿಗಳಿಗೆ ಅದೇ ರೂಢಿಯಾಯಿತು. ದೊಡ್ಡ ಸಂಸ್ಥೆ ಇದನ್ನು ತಾಳಿಕೊಳ್ಳಬಲ್ಲದು. ಹೊಸಬರು ಮೊದಲ ಮೂರು ತಿಂಗಳಾದರೂ ಯು.ಪಿ.ಐ. ಮೂಲಕ ಮುಂಗಡ ಹಣ ಕೊಡುವವರಿಗೆ ಮಾತ್ರ ಕಳುಹಿಸುವುದು ಕ್ಷೇಮ. ಆರ್ಡರು ಕಡಿಮೆಯಾಗುತ್ತದೆ, ಆಗಲಿ.

ಪೂರೈಕೆದಾರನ ಪರೀಕ್ಷೆ

ಪೂರೈಕೆದಾರನ ಮಾತನ್ನಾಗಲಿ ಅವನು ಕಳಿಸಿದ ಚಿತ್ರವನ್ನಾಗಲಿ ನಂಬಿ ಮಾರಲು ಹೊರಡಬಾರದು. ಮೊದಲು ಗಿರಾಕಿಯಂತೆ ಹಣ ಕೊಟ್ಟು ಮೂರು ಪೊಟ್ಟಣ ತರಿಸಬೇಕು: ಒಂದು ತನ್ನ ಮನೆಗೆ, ಒಂದು ಹಲಸೂರಿನಲ್ಲೋ ಇಂದಿರಾನಗರದಲ್ಲೋ ಇರುವ ನೆಂಟರಿಗೆ, ಇನ್ನೊಂದು ಹುಬ್ಬಳ್ಳಿಯಂಥ ದೂರದ ಊರಿಗೆ. ಎಷ್ಟು ದಿನ ಹಿಡಿಯಿತು, ಮೂಲೆ ಒಡೆದಿದೆಯೇ, ತೂಕ ಸರಿಯೇ, ತಯಾರಿಸಿದ ತಾರೀಖು ಇದೆಯೇ ಎಂದು ಬರೆದಿಡಬೇಕು. ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಹುರಿಹಿಟ್ಟು, ಬೆಲ್ಲ ಎರಡಕ್ಕೂ ತೇವ ಬೇಗ ಹಿಡಿಯುತ್ತದೆ. ಆಮೇಲೆ ಒಂದು ಹಾಳೆಯ ಕರಾರು ಮಾಡಿಕೊಳ್ಳಬೇಕು. ವಾಪಸು ಬಂದ ಮಾಲು ಯಾರದು, ಒಡೆದದ್ದಕ್ಕೆ ಯಾರು ಹೊಣೆ, ದಾಸ್ತಾನು ಮುಗಿದರೆ ಅದೇ ದಿನ ತಿಳಿಸುವುದು ಯಾರ ಕೆಲಸ, ಈ ಮೂರೂ ಅದರಲ್ಲಿ ಇರಲೇಬೇಕು.

ಸೊಪ್ಪು, ತರಕಾರಿ, ಹೂವು ಈ ವ್ಯಾಪಾರಕ್ಕೆ ಒಗ್ಗುವುದಿಲ್ಲ. ಹಿಟ್ಟು, ಜೇನು, ಹುಣಸೆಹಣ್ಣು, ಒಣ ಮೆಣಸಿನಕಾಯಿ, ಕೊಬ್ಬರಿ ಒಗ್ಗುತ್ತವೆ. ಬಿತ್ತನೆ ಬೀಜ, ಕೀಟನಾಶಕಗಳನ್ನು ಪರವಾನಗಿ ಇಲ್ಲದೆ ಮಾರುವುದು ಅಪರಾಧ. ಅವುಗಳ ಆಸೆ ಬೇಡ.

ಕಾನೂನಿನ ವಿಷಯ

ಸ್ವಂತ ಹೊಲದ ಬೆಳೆಯನ್ನು ಮಾರುವ ಬೇಸಾಯಗಾರ ಅದರ ಮಟ್ಟಿಗೆ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಿಲ್ಲ. ಇನ್ನೊಬ್ಬರಿಂದ ಕೊಂಡು ಮಾರಿದರೆ ಅದು ವ್ಯಾಪಾರ. ಕರ್ನಾಟಕದೊಳಗೆ ಸರಕನ್ನು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ವಿನಾಯಿತಿ ಇದೆ. ಅಂತರಜಾಲದ ದೊಡ್ಡ ಮಾರುಕಟ್ಟೆಗಳ ಮೂಲಕ ಮಾರುವ ಸಣ್ಣವರಿಗೂ, ರಾಜ್ಯದೊಳಗಿನ ಮಾರಾಟಕ್ಕೆ, 2023ರ ಅಕ್ಟೋಬರ್ 1ರಿಂದ ಈ ವಿನಾಯಿತಿ ದೊರೆತಿದೆ; ಆದರೆ ದಾಖಲಾತಿ ಸಂಖ್ಯೆ ಪಡೆದಿರಬೇಕು. ತೆರಿಗೆಯುಳ್ಳ ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ ಮೊದಲ ಪೊಟ್ಟಣದಿಂದಲೇ ನೋಂದಣಿ ಬೇಕು. ಕೆ.ಆರ್. ಪುರದಿಂದ ಹೊಸೂರು ಎಷ್ಟೇ ಹತ್ತಿರವಾದರೂ ಅದು ತಮಿಳುನಾಡು ಎಂಬುದು ಇಲ್ಲಿ ನೆನಪಿರಲಿ.

ತಿನ್ನುವ ಪದಾರ್ಥಕ್ಕೆ 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ನೋಂದಣಿ ಅಥವಾ ಪರವಾನಗಿ ಬೇಕು. ಪೂರೈಕೆದಾರನ ಬಳಿ ಇದ್ದರೆ ಸಾಕೆಂದು ಮಾರುವವನು ಸುಮ್ಮನಿರುವಂತಿಲ್ಲ. ತಯಾರಿಸಿದವರ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಇವು ಪೊಟ್ಟಣದ ಮೇಲೂ ಮಾರುವ ಪುಟದಲ್ಲಿಯೂ ಇರತಕ್ಕದ್ದು. ಹಾಳಾದ ಅಥವಾ ತೋರಿಸಿದ್ದಕ್ಕೆ ಹೊಂದದ ವಸ್ತುವನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲವೆಂದು 2020ರ ಗ್ರಾಹಕ ಸಂರಕ್ಷಣೆಯ ನಿಯಮಗಳು ಹೇಳುತ್ತವೆ.

ಹೊಲವಿರುವವರ ಸ್ಥಾನ

ಈ ವ್ಯವಹಾರದಲ್ಲಿ ಎರಡು ಸ್ಥಾನಗಳಿವೆ. ಆರ್ಡರು ಹಿಡಿಯುವವನದು ಒಂದು, ಪದಾರ್ಥ ಪೂರೈಸುವವನದು ಇನ್ನೊಂದು. ಎಲ್ಲರ ಕಣ್ಣೂ ಮೊದಲನೆಯದರ ಮೇಲೆ. ಆದರೆ ರಾಗಿ ಬೆಳೆದು, ಮನೆಯಲ್ಲಿ ಹುರಿದು ಬೀಸುವ ಕುಟುಂಬಕ್ಕೆ ಎರಡನೆಯದೇ ಮೇಲು. ಮೇಲಿನ ಲೆಕ್ಕದಲ್ಲಿ ಜಾಹೀರಾತಿನ ಮತ್ತು ಕೊರಿಯರಿನ ಜೂಜು ಮಾರುವವನದು. 140 ರೂಪಾಯಿ ಪೂರೈಕೆದಾರನ ಕೈಗೆ ಮುಂಚೆಯೇ ಬಂದಿರುತ್ತದೆ. ಒಂದು ಮನೆಯಿಂದ ಒಂದೇ ರುಚಿ, ಒಂದೇ ತೂಕ ವರ್ಷವಿಡೀ ಕೊಡುವುದು ಕಷ್ಟವಾದರೆ ನಾಲ್ಕಾರು ಮನೆಗಳು ಅಥವಾ ಊರಿನ ಸ್ತ್ರೀಶಕ್ತಿ ಸಂಘ ಸೇರಬಹುದು. ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು 1959ರಲ್ಲಿ ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು.

ಮಕ್ಕಳು ಆರ್ಡರು ಹಿಡಿಯಲೇ ಹೊರಟರೆ, ಮೊದಲು ತಮ್ಮ ಮನೆಯ ಹಿಟ್ಟನ್ನೇ ಪರಿಚಿತರ ಇಪ್ಪತ್ತು ಮನೆಗಳಿಗೆ ಮಾರಿ ನೋಡಲಿ. ಅದಕ್ಕೊಂದು ಪುಸ್ತಕ ಇಟ್ಟು, ಆರ್ಡರು ಬಂದ ದಿನ, ಕಳುಹಿಸಿದ ದಿನ, ತಲುಪಿದ ದಿನ, ಬಂದ ಹಣ, ಕೊರಿಯರು, ವಾಪಸಾದದ್ದು ಮತ್ತು ಅದರ ಕಾರಣ, ಎರಡನೆಯ ಸಲ ಕೊಂಡವರ ಹೆಸರು ಇವಿಷ್ಟನ್ನು ಅಂದಂದೇ ಬರೆಯಬೇಕು. ಇಪ್ಪತ್ತರಲ್ಲಿ ಐದು ಮನೆಯವರೂ ಮತ್ತೆ ಕೇಳದಿದ್ದರೆ ಜಾಹೀರಾತಿಗೆ ಹಣ ಹಾಕುವ ಬದಲು ಹಿಟ್ಟು ಹುರಿಯುವ ಹದವನ್ನು ಮೊದಲು ನೋಡಬೇಕು.