ಲೋಟದ ಮೇಲಿನ ಬಣ್ಣ, ಮಗುವಿನ ಬಾಯಿ

ಪ್ರಶ್ನೆ: ಡಾಕ್ಟ್ರೇ, ನಾವು ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪಿನ ಬಂಗಾಳಿ ಮನೆಯವರು. ಲಕ್ಷ್ಮೀ ಪೂಜೆಗೆ ನಮ್ಮತ್ತೆ ಅಕ್ಕಿ ಹಿಟ್ಟು ಕಲಸಿ ನೆಲಕ್ಕೆ ಆಲ್ಪನಾ ಬರೆಯುತ್ತಿದ್ದರು. ಈ ಸಲ ಹತ್ತು ವರ್ಷದ ಮಗಳು ಪೇಂಟ್ ಮಾರ್ಕರ್ ತಂದು ಪರಸಿ ನೆಲ, ನೀರಿನ ಗಡಿಗೆ, ಸ್ಟೀಲ್ ಲೋಟ ಎಲ್ಲದರ ಮೇಲೂ ಬರೆದಿದ್ದಾಳೆ. ಆ ವಾಸನೆಗೆ ನನಗೆ ತಲೆನೋವು. ನಾನೀಗ ಐದು ತಿಂಗಳ ಬಸುರಿ. ಎರಡು ವರ್ಷದ ಮಗ ಅದೇ ಲೋಟ ಕಚ್ಚುತ್ತಾನೆ. ಏನು ಮಾಡಲಿ?

ಉತ್ತರ: ಗಾಬರಿ ಬೇಡ, ಆದರೆ ಲೋಟಗಳನ್ನು ಮಗನ ಕೈಗೆ ಸಿಗದಂತೆ ಈಗಲೇ ಎತ್ತಿಡಿ.

ತಲೆನೋವು ತಂದ ಆ ವಾಸನೆ ದ್ರಾವಕದ್ದು. ಎಣ್ಣೆ ಬಣ್ಣದ ಮಾರ್ಕರುಗಳಲ್ಲಿ ಕ್ಸೈಲೀನ್‌ನಂಥವು ಇರುತ್ತವೆ. ಮುಚ್ಚಿದ ಕೋಣೆಯಲ್ಲಿ ಉಸಿರಾಡಿದರೆ ತಲೆ ಸುತ್ತು, ವಾಕರಿಕೆ, ಕಣ್ಣುರಿ ಬರುತ್ತವೆ. ಕಿಟಕಿ, ಬಾಗಿಲು ತೆರೆದಿಡಿ. ವಾಸನೆ ಹೋಗುವವರೆಗೆ ನೀವು ಬೇರೆ ಕೋಣೆಯಲ್ಲಿ ಮಲಗಿ. ಒಮ್ಮೆ ಉಸಿರಾಡಿದ್ದರಿಂದ ಹೊಟ್ಟೆಯ ಮಗುವಿಗೆ ಏನೋ ಆಗಿಹೋಯಿತೆಂದು ಕೊರಗಬೇಡಿ. ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ಹೇಳಿದರೆ ಸಾಕು.

ಸ್ಟೀಲ್ ಲೋಟ ಎಸೆಯಬೇಕಿಲ್ಲ. ನಿಮ್ಮ ಯಜಮಾನರು ಅಂಗಳದಲ್ಲಿ ಕೂತು, ಉಗುರುಬಣ್ಣ ತೆಗೆಯುವ ದ್ರವದಿಂದ ಬಣ್ಣ ಒರೆಸಿ ಸೋಪಿನಲ್ಲಿ ಚೆನ್ನಾಗಿ ತೊಳೆಯಲಿ. ಗಡಿಗೆಯ ಮಾತು ಬೇರೆ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ನೀರು ಜಿನುಗಿ ಆರುವುದರಿಂದಲೇ ಒಳಗಿನ ನೀರು ತಂಪಾಗುವುದು. ಬಣ್ಣ ಆ ರಂಧ್ರಗಳನ್ನು ಮುಚ್ಚುತ್ತದೆ, ದ್ರಾವಕ ಒಳಕ್ಕೂ ಇಳಿಯಬಹುದು. ಆ ಗಡಿಗೆಯಲ್ಲಿ ಹೂವಿನ ಗಿಡ ಬೆಳೆಸಿ, ಕುಡಿಯುವ ನೀರಿಗೆ ಹೊಸದು ತನ್ನಿ.

ನೆಲದ ಬಣ್ಣ ಒಣಗಿದ್ದರೆ ಅವಸರ ಮಾಡಬೇಡಿ, ಮೇಲೊಂದು ಚಾಪೆ ಹಾಸಿ. ದಯವಿಟ್ಟು ಆ್ಯಸಿಡ್ ಸುರಿಯಬೇಡಿ. ಶಹಾಬಾದ್ ಪರಸಿ ಸುಣ್ಣದ ಕಲ್ಲು, ಆ್ಯಸಿಡ್ ಅದನ್ನೇ ತಿನ್ನುತ್ತದೆ. ಅದರ ಹೊಗೆ ನಿಮ್ಮ ಉಸಿರಿಗೆ ಮಾರ್ಕರಿಗಿಂತ ಕೆಟ್ಟದ್ದು. ಮರಳುಕಾಗದ ಹಾಕಿ ಉಜ್ಜಿದರೆ ಎದ್ದ ಪುಡಿ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ.

ನನಗೆ ಹೆಚ್ಚು ಕಳವಳವಿರುವುದು ಸೀಸದ ಬಗ್ಗೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೆ ಹೆಸರು, ವಿಳಾಸ ಇಲ್ಲದ ಅಗ್ಗದ ಮಾರ್ಕರಿನೊಳಗೆ ಏನಿದೆಯೆಂದು ಯಾರು ಹೇಳುತ್ತಾರೆ? ಸೀಸ ಎಳೆಯ ಮಕ್ಕಳ ಮಿದುಳಿಗೆ ಪೆಟ್ಟು, ಇಷ್ಟು ಹೋದರೆ ಪರವಾಗಿಲ್ಲ ಎಂಬ ಅಳತೆ ಅದಕ್ಕಿಲ್ಲ. ಮಗ ವಾರಗಟ್ಟಲೆ ಆ ಲೋಟ ಕಚ್ಚಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ರಕ್ತದ ಸೀಸ ಪರೀಕ್ಷೆ ಬೇಕೇ ಎಂದು ಕೇಳಿ. ‘ನಾನ್ ಟಾಕ್ಸಿಕ್’ ಎಂಬ ಚೀಟಿ ಕಾಗದದ ಮೇಲೆ ಬರೆಯುವುದಕ್ಕೆ; ಉಣ್ಣುವ ತಟ್ಟೆಗಲ್ಲ.

ಮಾರ್ಕರಿನ ದ್ರವ ನುಂಗಿದರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋದರೆ ಅಪಾಯ. ನೇರ ಆಸ್ಪತ್ರೆಗೆ ಹೋಗಿ, ಮಾರ್ಕರನ್ನೂ ಒಯ್ಯಿರಿ. ಕಣ್ಣಿಗೆ ಸಿಡಿದರೆ 15 ನಿಮಿಷ ಶುದ್ಧ ನೀರು ಬಿಡಿ. ಕೈಗೆ ಅಂಟಿದ್ದನ್ನು ಸೀಮೆಎಣ್ಣೆ, ಪೆಟ್ರೋಲಿನಿಂದ ತಿಕ್ಕಬೇಡಿ, ಕೊಬ್ಬರಿ ಎಣ್ಣೆ ಮತ್ತು ಸೋಪು ಸಾಕು.

ಮಗಳನ್ನು ಬೈಯಬೇಡಿ. ನೀರಿನಲ್ಲಿ ಕರಗುವ ಬಣ್ಣದ ಮಾರ್ಕರ್ ಕೊಡಿಸಿ, ರಟ್ಟಿನ ಮೇಲೆ ಆಲ್ಪನಾ ಬರೆದು ಗೋಡೆಗೆ ತೂಗುಹಾಕಲಿ. ನೆಲದ ಮೇಲಿನ ಲಕ್ಷ್ಮಿಯ ಹೆಜ್ಜೆಗಳನ್ನು ಮಾತ್ರ ಅತ್ತೆಯವರ ಪಕ್ಕ ಕೂತು ಅಕ್ಕಿ ಹಿಟ್ಟಿನಲ್ಲೇ ಬಿಡಿಸಲಿ. ನಿಮ್ಮ ಕಿರಿಯವನು ಅವನ್ನು ನೆಕ್ಕಿಯೇ ನೆಕ್ಕುತ್ತಾನೆ.