ಆನೆಕಾಲಿಗೆ ದಿನವೂ ಸೋಪು, ನೀರು

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹಮಾಲರ ಕಾಲು ದಿನವಿಡೀ ಧೂಳಿನಲ್ಲೇ ಇರುತ್ತದೆ. ಆನೆಕಾಲು ಇದ್ದವರಿಗಂತೂ ಬೆರಳ ಸಂದಿಯ ಸಣ್ಣ ಬಿರುಕೂ ಅಪಾಯ. ಬಾವು ಬಂದ ಕಾಲಿನಲ್ಲಿ ದುಗ್ಧರಸ ಸರಿಯಾಗಿ ಹರಿಯುವುದಿಲ್ಲ. ಬಿರುಕಿನಿಂದ ಹೊಕ್ಕ ಬ್ಯಾಕ್ಟೀರಿಯಾ ಅಲ್ಲೇ ಬೆಳೆದು ಚಳಿಜ್ವರ, ಉರಿ, ನೋವು ಬರುತ್ತವೆ. ಪ್ರತಿ ಸಲ ಹೀಗಾದಾಗಲೂ ಬಾವು ಇನ್ನಷ್ಟು ಹೆಚ್ಚುತ್ತದೆ, ಕೂಲಿಯೂ ತಪ್ಪುತ್ತದೆ.

ಇದನ್ನು ತಡೆಯುವ ಕೆಲಸ ಬಚ್ಚಲಿನಲ್ಲೇ ಶುರುವಾಗಬೇಕು. ದಿನಾ ಕಾಲು ತೊಳೆದು ಆರೈಕೆ ಮಾಡಿಕೊಂಡವರಲ್ಲಿ ಸೋಂಕಿನ ಜ್ವರ ಕಡಿಮೆಯಾಗುತ್ತದೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯ ಡಾ. ಎಸ್.ಆರ್. ನರಹರಿ ಮತ್ತು ತಂಡದವರು ತೊಳೆಯುವಿಕೆ, ಯೋಗ, ಆಯುರ್ವೇದ, ಬಟ್ಟೆಪಟ್ಟಿ ಎಲ್ಲವನ್ನೂ ಕೂಡಿಸಿದ ಕ್ರಮವನ್ನು ನಮ್ಮ ಜಿಲ್ಲೆಯಲ್ಲೂ ಕೇರಳದ ಆಲಪ್ಪುಳದಲ್ಲೂ ನಡೆಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು.

ಮೊದಲು ಕಾಲನ್ನು ಬೆಳಕಿನಲ್ಲಿ ನೋಡಿ: ಬಿರುಕು, ಬಿಳಿಚಿದ ಬೆರಳ ಸಂದಿ, ಗಾಯ ಇದೆಯೇ? ಬಳಿಕ ಶುದ್ಧವಾದ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸುರಿದು, ಸಾದಾ ಸೋಪನ್ನು ಕೈಯಲ್ಲಿ ನೊರೆ ಮಾಡಿ ಮೊಣಕಾಲಿನಿಂದ ಕೆಳಕ್ಕೆ ಹಚ್ಚಿ. ಚರ್ಮದ ಮಡಿಕೆ, ಬೆರಳ ಸಂದಿ ಬಿಡಬೇಡಿ. ಬ್ರಷ್, ಕಲ್ಲು ಬೇಡ. ಸೋಪಿನ ಅಂಶ ಉಳಿಯದಂತೆ ತೊಳೆಯಿರಿ.

ಎಲ್ಲಕ್ಕಿಂತ ಮುಖ್ಯ ಒರೆಸುವುದು. ಹೆಚ್ಚಿನವರು ತಪ್ಪುವುದೂ ಇಲ್ಲೇ. ತೇವ ಉಳಿದ ಸಂದಿಯಲ್ಲಿ ಶಿಲೀಂಧ್ರ ಬೆಳೆದು ಚರ್ಮ ಒಡೆಯುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಬಾಗಿಲು. ಒಗೆದ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಸಂದಿಗಳಲ್ಲಿ ಬಟ್ಟೆಯ ತುದಿ ತೂರಿಸಿ ಒಣಗಿಸಿ. ವೈದ್ಯರು ಕೊಟ್ಟ ಮುಲಾಮು ಆಮೇಲೆ. ಕುಳಿತಾಗ ಪಾದವನ್ನು ಮೇಲೆ ಕೆಳಗೆ ಆಡಿಸಿ, ಮಲಗುವಾಗ ಕಾಲ ಕೆಳಗೆ ದಿಂಬಿಡಿ. ಗಂಜ್‌ಗೆ ಬರಿಗಾಲಲ್ಲಿ ಹೋಗಬೇಡಿ.

ಬಿಸಿನೀರಿನ ಶಾಖ ಬೇಡ. ಗಾಯವಿರುವ ಕಾಲನ್ನು ಹಲವರು ಬಳಸುವ ತೊಟ್ಟಿಗೆ ಇಳಿಸಲೇಬಾರದು, ಒಬ್ಬರ ಸೋಂಕು ಇನ್ನೊಬ್ಬರಿಗೆ ಹರಡುತ್ತದೆ. ಚಳಿಜ್ವರ ಬಂದು ಕಾಲು ಕೆಂಪಾದರೆ ವ್ಯಾಯಾಮ, ಪಟ್ಟಿ ನಿಲ್ಲಿಸಿ, ತಣ್ಣೀರಿನ ಬಟ್ಟೆ ಹಾಕಿ, ಅಂದೇ ವೈದ್ಯರ ಬಳಿ ಹೋಗಿ. ಆಗ ಆಂಟಿಬಯೋಟಿಕ್ ಬೇಕೇ ಬೇಕು, ನೀರು ಅದರ ಬದಲಿಯಲ್ಲ.

ಕಮಲಾಪುರದವರು ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ, ನಗರದವರು ಜಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಆಶಾ ಕಾರ್ಯಕರ್ತೆಯರು ಆನೆಕಾಲು ತಡೆಯ ಮಾತ್ರೆ ತಂದಾಗ, ಕಾಲು ಚೆನ್ನಾಗಿದೆ ಎಂದು ವಾಪಸು ಕಳಿಸದೆ ಅವರ ಎದುರೇ ನುಂಗಿ.