ಮಷೀನು ನಿಧಾನವೇ? ಯಾವುದು ಸಾಲುತ್ತಿಲ್ಲ ನೋಡಿ

ಮೈಕ್ರೋಸಾಫ್ಟ್ ಅಜೂರ್‌ನ ‘ಸೆಂಟ್ರಲ್ ಇಂಡಿಯಾ’ ವಲಯ 2015ರಲ್ಲಿ ಶುರುವಾಯಿತು. ಅದರ ಡೇಟಾ ಸೆಂಟರ್‌ಗಳಿರುವುದು ಪುಣೆಯಲ್ಲಿ. ಅದೇ ಊರಿನ ಹಿಂಜವಡಿಯಲ್ಲಿ ಕೂತು ಗ್ರಾಹಕರಿಗೆ ವರ್ಚುವಲ್ ಮಷೀನುಗಳನ್ನು ಆರಿಸಿಕೊಡುವುದು, ತಿಂಗಳ ಕೊನೆಗೆ ಬಿಲ್ಲಿಗೆ ಉತ್ತರ ಹೇಳುವುದು ನನ್ನ ಕೆಲಸ. ಈ ಕೆಲಸ ಕಲಿಸಿದ್ದು ಇಷ್ಟು: ಮಷೀನು ನಿಧಾನವಾದರೆ ಎಷ್ಟು ದೊಡ್ಡದು ಬೇಕು ಅಂತ ಕೇಳುವ ಮುಂಚೆ, ಇರುವುದರಲ್ಲಿ ಯಾವುದು ಸಾಲುತ್ತಿಲ್ಲ ಅಂತ ನೋಡಬೇಕು.

ಅದಕ್ಕೆ ಮೊದಲು ಸೈಜಿನ ಹೆಸರು ಬಿಡಿಸಲು ಬರಬೇಕು. ‘ಡಿ2ಎಸ್ ವಿ3’ ತಗೊಳ್ಳಿ. ಡಿ ಅಂದರೆ ಸಾಮಾನ್ಯ ಬಳಕೆಯ ಸರಣಿ, 2 ಅಂದರೆ ಎರಡು ವಿಸಿಪಿಯು, ಎಸ್ ಇದ್ದರೆ ಪ್ರೀಮಿಯಂ ಡಿಸ್ಕ್ ಜೋಡಿಸಬಹುದು, ವಿ3 ಅಂದರೆ ಮೂರನೆಯ ಪೀಳಿಗೆ. ಡಿ ಸರಣಿಯಲ್ಲಿ ಒಂದು ವಿಸಿಪಿಯುಗೆ ಸಾಮಾನ್ಯವಾಗಿ 4 ಜಿಬಿ ಮೆಮೊರಿ, ಇ ಸರಣಿಯಲ್ಲಿ 8, ಎಫ್‌ನಲ್ಲಿ 2. ಅಮೆಜಾನ್‌ನ ಎಂ, ಆರ್, ಸಿ ಸರಣಿಗಳದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಇನ್ನು ವಿಸಿಪಿಯು ಅಂದರೆ ಪೂರ್ತಿ ಕೋರ್ ಅಂದುಕೊಳ್ಳಬಾರದು. ಇಂಟೆಲ್ ಮಷೀನುಗಳಲ್ಲಿ ಅದು ಸಾಮಾನ್ಯವಾಗಿ ಒಂದು ಥ್ರೆಡ್. ಎರಡು ಸೇರಿದರೆ ಒಂದು ಕೋರ್.

ಸಾಂಗ್ಲಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಡೇಟಾಬೇಸ್ ಈ ಡಿ2ಎಸ್ ವಿ3 ಮೇಲಿತ್ತು. ಹಂಗಾಮಿನಲ್ಲಿ ಹದಿನೈದು ದಿನಕ್ಕೊಮ್ಮೆ ರೈತರ ಕಬ್ಬಿನ ಬಿಲ್ ತೆಗೆಯಬೇಕು. ರಾತ್ರಿ ಹಚ್ಚಿದ ರಿಪೋರ್ಟ್ ಬೆಳಗಾದರೂ ಮುಗಿಯುತ್ತಿರಲಿಲ್ಲ. ‘ಮೋಠಂ ಮಶೀನ್ ಘ್ಯಾ’ (ದೊಡ್ಡ ಮಷೀನು ತಗೊಳ್ಳಿ) ಅಂದರು ಮ್ಯಾನೇಜರ್. ಡಿ8ಕ್ಕೆ ಕೋರಿಕೆಯೂ ತಯಾರಾಯಿತು. ಅಷ್ಟರಲ್ಲಿ ಗ್ರಾಫ್ ನೋಡುತ್ತಿದ್ದ ಜಮಖಂಡಿಯ ಹುಡುಗ, ‘ಸರ, ಸಿಪಿಯು ಇಪ್ಪತ್ತು ಪರ್ಸೆಂಟೂ ದಾಟವಲ್ದು. ಡಿಸ್ಕ್ ನೋಡ್ರಿ, 48ಕ್ಕ ನಿಂತಬಿಟ್ಟೈತಿ’ ಅಂದ.

ಜೋಡಿಸಿದ್ದ ಪಿ30 ಡಿಸ್ಕ್ ಸೆಕೆಂಡಿಗೆ 200 ಎಂಬಿ ಕೊಡಬಲ್ಲದು. ಆದರೆ ಡಿ2ಎಸ್ ವಿ3 ಮಷೀನಿಗೇ ಒಂದು ಮಿತಿ ಇದೆ: ಕ್ಯಾಶ್ ಇಲ್ಲದ ಡಿಸ್ಕ್‌ನಿಂದ ಅದು ಸೆಕೆಂಡಿಗೆ 48 ಎಂಬಿಗಿಂತ ಹೆಚ್ಚು ಎಳೆಯಲಾರದು. ಟ್ಯಾಂಕ್ ಎಷ್ಟು ದೊಡ್ಡದಾದರೇನು, ನಲ್ಲಿ ಬಿಟ್ಟಷ್ಟೇ ನೀರು. ಡಿಸ್ಕಿಗೊಂದು ಮಿತಿ, ಮಷೀನಿಗೊಂದು ಮಿತಿ. ಎರಡರಲ್ಲಿ ಚಿಕ್ಕದು ಯಾವುದೋ ಅದೇ ನಮ್ಮ ವೇಗ.

ಹಾಗಾದರೆ ಡಿಸ್ಕಿಗೆ ಅಷ್ಟೊಂದು ಕೆಲಸ ಯಾಕೆ ಬೀಳುತ್ತಿತ್ತು? ಮೆಮೊರಿ ಇದ್ದದ್ದು 8 ಜಿಬಿ. ಬಿಲ್ಲಿಗೆ ಬೇಕಾದ ಟೇಬಲ್‌ಗಳು ಅದರಲ್ಲಿ ಹಿಡಿಸದೆ ಮತ್ತೆ ಮತ್ತೆ ಡಿಸ್ಕಿನಿಂದ ಓದಬೇಕಾಗುತ್ತಿತ್ತು. ಡಿ8ರಲ್ಲಿ 32 ಜಿಬಿ ಇದೆ ನಿಜ, ಆದರೆ ಇ4ಎಸ್ ವಿ3ಯಲ್ಲೂ 32 ಜಿಬಿಯೇ ಇದೆ, ಅದೂ ಅರ್ಧದಷ್ಟೇ ವಿಸಿಪಿಯು ಜೊತೆ. ಬಾಡಿಗೆಯೂ ಡಿ8ಕ್ಕಿಂತ ಕಡಿಮೆ. ಡೇಟಾಬೇಸ್ ಲೈಸೆನ್ಸ್ ಕೋರ್ ಲೆಕ್ಕದ್ದಾಗಿದ್ದರಿಂದ ಅಲ್ಲೂ ಉಳಿಯಿತು. ಇ4ಕ್ಕೆ ಹೋದ ಮೇಲೆ ಬಿಲ್ ನಡುರಾತ್ರಿಯೊಳಗೆ ಮುಗಿಯತೊಡಗಿತು.

ಬಿ ಸರಣಿಯ ಅಗ್ಗದ ಮಷೀನುಗಳ ಲೆಕ್ಕ ಬೇರೆ. ಬಿ2ಎಸ್‌ನಲ್ಲಿ ಎರಡು ವಿಸಿಪಿಯು ಕಾಣುತ್ತವೆ. ಸತತವಾಗಿ ಸಿಗುವುದು ಎರಡೂ ಸೇರಿ ಒಂದು ವಿಸಿಪಿಯುವಿನ ಶೇ 40ರಷ್ಟು ಮಾತ್ರ. ಸುಮ್ಮನಿದ್ದಾಗ ಕ್ರೆಡಿಟ್ ಜಮೆಯಾಗುತ್ತದೆ, ಭಾರ ಬಿದ್ದಾಗ ಖರ್ಚಾಗುತ್ತದೆ. ಒಂದು ಕ್ರೆಡಿಟ್ ಅಂದರೆ ಒಂದು ವಿಸಿಪಿಯು ಒಂದು ನಿಮಿಷ ಪೂರ್ತಿ ಓಡುವಷ್ಟು. ಬೆಳಿಗ್ಗೆ ಚುರುಕಾಗಿದ್ದ ಟೆಸ್ಟ್ ಸರ್ವರ್ ಮಧ್ಯಾಹ್ನ ತೆವಳುತ್ತಿದ್ದರೆ ಕೋಡ್ ಬೈಯುವ ಮುಂಚೆ ಕ್ರೆಡಿಟ್ ನೋಡಿ.

ಈಗ ನಮ್ಮಲ್ಲಿ ಯಾರೇ ಹೊಸ ಮಷೀನು ಕೇಳಿದರೂ ಸೈಜಿನ ಹೆಸರಿಗೆ ಮುಂಚೆ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ನಾಲ್ಕರದ್ದೂ ಹೊರೆ ಹೆಚ್ಚಿರುವ ಹೊತ್ತಿನ ಬಳಕೆ ಬರೆಯಬೇಕು. ಜೊತೆಗೆ ಇನ್ನೊಂದು ಸಾಲು: ಯಾವಾಗ ಇಳಿಸುವುದು. ಏರಿಸುವಾಗಿನ ಅವಸರ ಇಳಿಸುವಾಗ ಯಾರಿಗೂ ಇರುವುದಿಲ್ಲ. ಸಕ್ಕರೆ ಕಾರ್ಖಾನೆಗೆ ವರ್ಷವಿಡೀ ಇ4 ಬೇಕಾಗಿಲ್ಲ. ಕಬ್ಬು ನುರಿಯುವುದು ಮುಗಿದ ಮೇಲೆ ಒಂದು ರೀಸ್ಟಾರ್ಟಿನಲ್ಲಿ ಚಿಕ್ಕ ಸೈಜಿಗೆ ಬರಬಹುದು. ಒಂದು ಅಥವಾ ಮೂರು ವರ್ಷಕ್ಕೆ ರಿಸರ್ವ್ ಮಾಡಿ ರಿಯಾಯಿತಿ ಪಡೆಯುವ ಮಾತು, ಒಂದು ಹಂಗಾಮಿನ ಗ್ರಾಫ್ ಕೈಯಲ್ಲಿ ಹಿಡಿದ ಮೇಲೆ.